ಓಟಿಗೂ ಎಣಿಕೆಗೂ ನಡುವೆ

ನಮ್ಮ ಮನೆಗೆ ಮುಂದೊಂದು ಹಿಂದೊಂದು ಎರಡು ಬಾಗಿಲಿದ್ದವು. ಎರಡೂ ಗಂಡಸರಿಗೇ ಇದ್ದವು ಎಂದು ನಾನು ಹೇಳಿದರೆ ದೊಡ್ಡಪ್ಪನ ಮಕ್ಕಳು ಇವತ್ತಿಗೂ ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ನಡೆದರೆ ಸಿಗುವ ಸಣ್ಣ ಊರು ನಮ್ಮದು. ಜಗಲಿ, ನಡುಮನೆ, ಅದರ ಬೆನ್ನಿಗೆ ಕತ್ತಲೆಯ ಅಡುಗೆಮನೆ. ಇವೆಲ್ಲದರ ಮೇಲೆ ಉದ್ದಕ್ಕೂ ಅಟ್ಟ. ಅಟ್ಟದ ತುಂಬ ಕಾಯಿ. ಸಿಪ್ಪೆ ಸಮೇತ ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆದ ಮೇಲೆಯೇ ಅವು ಕೆಳಗಿಳಿದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗಬೇಕು. ಅಲ್ಲಿಯವರೆಗೆ ಅಡುಗೆಮನೆಯ ಹೊಗೆ ಅವಕ್ಕೆ, ಅವುಗಳ ದೂಳು ನಮಗೆ. ಆ ಮನೆಯಲ್ಲಿ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಗಂಡುಮಕ್ಕಳು, ಅಪ್ಪ, ಅಮ್ಮ ಮತ್ತು ನಾನು ಇದ್ದೆವು. ಯಜಮಾನಿಕೆ ದೊಡ್ಡಪ್ಪನದು. ಅಪ್ಪ ಅವನ ತಮ್ಮ, ಅಷ್ಟೇ. ಊರಿನಲ್ಲಿ ಯಾರಾದರೂ ನನ್ನನ್ನು ಯಾರ ಮಗಳು ಎಂದು ಕೇಳಿದರೆ ನಾನು ದೊಡ್ಡಪ್ಪನ ಹೆಸರು ಹೇಳಿ, ಆಮೇಲೆ ಅವರ ತಮ್ಮನ ಮಗಳು ಎನ್ನುತ್ತಿದ್ದೆ.

ಈಗ ಯಾವ ಚುನಾವಣೆಯ ಎಣಿಕೆ ನಡೆದರೂ ನನ್ನ ಗಂಡ ಬೆಳಗ್ಗೆಯೇ ಫೋನು ಹಿಡಿದು ಕೂರುತ್ತಾರೆ. ಯಾವ ಸುತ್ತು, ಯಾರು ಮುಂದೆ, ಯಾರು ಹಿಂದೆ ಎಂದು ಕಾಫಿ ಲೋಟ ಇಡುವಷ್ಟರಲ್ಲಿ ಹೇಳಿಬಿಡುತ್ತಾರೆ. ನನಗೆ ಯಾರ ಮೇಲೂ ಅಂಥ ಅಭಿಮಾನವಿಲ್ಲ, ಆದರೂ ಅವತ್ತು ಅನ್ನ ಸೇರುವುದಿಲ್ಲ. ಎಣಿಸಿ ಮುಗಿಸಿ ಬಾಗಿಲು ತೆಗೆಯಿರಿ ಎಂದು ನನ್ನೊಳಗೆ ಯಾರೋ ಕೂಗುತ್ತಿರುತ್ತಾರೆ. ಅದು ನಾನು ಮೂರನೆಯ ತರಗತಿಯಲ್ಲಿದ್ದಾಗ ನಡೆದ ಪಂಚಾಯ್ತಿ ಚುನಾವಣೆಯ ಕೂಗು.

ಆ ಸಲ ನಮ್ಮೂರಿನ ಒಂದೇ ಒಂದು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ದೊಡ್ಡಪ್ಪ ಎಷ್ಟೋ ಕಾಲದಿಂದ ಆ ಸ್ಥಾನದ ಮೇಲೆ ಕಣ್ಣಿಟ್ಟು ಕೂತವನು. ಮೀಸಲಾತಿಯ ಪಟ್ಟಿ ನೋಡಿ ಬಂದವನು ಜಗಲಿಯ ಮೇಲೆ ಮೈಮೇಲೆ ಹಾವು ಹರಿದವನಂತೆ ಕೂತಿದ್ದ. ಮೊದಲು ದೊಡ್ಡಮ್ಮನನ್ನು ನಿಲ್ಲಿಸುವ ಮಾತು ಬಂತು. ದೊಡ್ಡಮ್ಮ, ನಾಲ್ಕು ಜನರ ಮುಂದೆ ಕೈಮುಗಿದು ನಿಲ್ಲು ಅಂದರೆ ಬಾವಿಗೆ ಬೀಳುತ್ತೇನೆ ಎಂದಳು. ಉಳಿದವಳು ಅಮ್ಮ. ಅವಳು ಹತ್ತನೆಯ ತರಗತಿ ಪಾಸು ಮಾಡಿದ್ದಳು, ಹೊಲಿಗೆ ಬರುತ್ತಿತ್ತು, ಊರ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಅಪ್ಪ ಒಳಗೆ ಬಂದು, ಅಣ್ಣ ನಿನ್ನ ಹೆಸರು ಕೊಟ್ಟವ್ನೆ, ಬೆಳಿಗ್ಗೆ ಸೀರೆ ಉಟ್ಕೊಂಡಿರು ಎಂದಷ್ಟೇ ಹೇಳಿದ. ಅಮ್ಮ ಸರಿ ಎಂದಳು. ಆ ಮನೆಯಲ್ಲಿ ಅವಳು ಬೇರೇನೂ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಭಾವನ ಎದುರಿಗಂತೂ ಮಾತೇ ಇಲ್ಲ. ಏನಾದರೂ ಬೇಕಿದ್ದರೆ ಬಾಗಿಲ ಸಂದಿಯಲ್ಲಿ ನಿಂತು ಅಜ್ಜಿಗೆ ಹೇಳಬೇಕು, ಅಜ್ಜಿ ಮಗನಿಗೆ ಹೇಳಬೇಕು.

ಇಷ್ಟಾಗಿದ್ದರೆ ಕಥೆ ಇರುತ್ತಿರಲಿಲ್ಲ. ನಮ್ಮ ಮನೆಗೆ ಎದುರು ಮನೆಯವರ ಜೊತೆ ತೋಟದ ಬದುವಿನ ಜಗಳ ಹಳೆಯದು. ಹಾಗಿದ್ದೂ ಆ ಮನೆಗೇ ಅಮ್ಮನ ಒಬ್ಬಳೇ ತಂಗಿ ಭಾಗ್ಯ ಚಿಕ್ಕಮ್ಮನನ್ನು ಕೊಟ್ಟಿದ್ದರು, ಸಂಬಂಧವಾದರೆ ಜಗಳ ಕರಗೀತು ಎಂದು. ಅವರು ಸುಮ್ಮನಿರಲಿಲ್ಲ. ನಮ್ಮ ಮನೆಯಿಂದ ಅಕ್ಕ ನಿಂತಳೆಂದು ಗೊತ್ತಾದ ದಿನವೇ ತಂಗಿಯನ್ನು ನಿಲ್ಲಿಸಿದರು. ಚಿಕ್ಕಮ್ಮನಿಗೆ ಆಗ ಚೊಚ್ಚಲು, ದಿನ ತುಂಬುತ್ತಿತ್ತು. ಚೊಚ್ಚಲ ಬಾಣಂತನ ತವರಿನದು. ಅಕ್ಕತಂಗಿಯರ ತಾಯಿ ತೀರಿಕೊಂಡಿದ್ದರು, ತವರೆಂದು ಉಳಿದಿದ್ದದ್ದು ಅಕ್ಕನೊಬ್ಬಳೇ. ಹೆರಿಗೆಗೆ ಮುಂಚೆ ನಿನ್ನನ್ನು ನಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ ಎಂದು ಅಮ್ಮ ಮಾತು ಕೊಟ್ಟಿದ್ದಳು. ನಡುಮನೆಯ ಮೂಲೆಯಲ್ಲಿ ಹಾಸಿಗೆಗೆ ಜಾಗ ಮಾಡಿ, ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಒಗೆದು ಮಡಿಸಿಟ್ಟಿದ್ದಳು. ನಾಮಪತ್ರ ಹಾಕಿದ ಮೇಲೆ ಅಕ್ಕತಂಗಿ ಮಾತಾಡಕೂಡದೆಂದು ಎರಡೂ ಮನೆಯವರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ತೀರ್ಮಾನಕ್ಕೆ ಬಂದರು. ಬೇರೆ ಯಾವ ವಿಷಯದಲ್ಲೂ ಅವರಿಗೆ ಅಷ್ಟು ಒಮ್ಮತ ಇದ್ದದ್ದು ನಾನು ಕಾಣೆ.

ಓಟಿನ ದಿನ ಅಮ್ಮ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು ನೇರ ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಸಂಜೆ ನಮ್ಮ ಶಾಲೆಯ ಮುಂದೆ ಬಸ್ಸು ನಿಂತು ಪೆಟ್ಟಿಗೆ ಹತ್ತಿಸಿಕೊಂಡು ಹೋಯಿತು. ಈಗಲೇ ತೆಗೆದು ಎಣಿಸಬಾರದೇ, ಎಲ್ಲರೂ ಇಲ್ಲೇ ಇದ್ದಾರಲ್ಲ ಎಂದು ನಾನು ಅಪ್ಪನನ್ನು ಕೇಳಿದೆ. ಅಪ್ಪನಿಗೆ ಹಾಗೆ ವಿವರಿಸಿ ಹೇಳುವುದೆಂದರೆ ಇಷ್ಟ, ಕೇಳುವವರು ಸಿಗುತ್ತಿರಲಿಲ್ಲ. ಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿದ್ದಾರೆ, ತಾಲ್ಲೂಕಿನ ಎಲ್ಲ ಊರಿನ ಪೆಟ್ಟಿಗೆಗಳೂ ಚಿಕ್ಕನಾಯಕನಹಳ್ಳಿಯ ಒಂದು ಕಾಲೇಜಿಗೆ ಹೋಗುತ್ತವೆ, ಕೋಣೆಗೆ ಬೀಗ ಹಾಕಿ ಪೊಲೀಸರನ್ನು ನಿಲ್ಲಿಸುತ್ತಾರೆ, ಗೊತ್ತು ಮಾಡಿದ ದಿನ ಎಲ್ಲರ ಕಡೆಯವರ ಎದುರಿಗೇ ಬೀಗ ತೆಗೆದು ಎಣಿಸುತ್ತಾರೆ ಎಂದ. ಅಲ್ಲಿಯವರೆಗೆ ಯಾರು ಗೆದ್ದರೆಂದು ಎಣಿಸುವ ಅಧಿಕಾರಿಗೂ ಗೊತ್ತಿರುವುದಿಲ್ಲವಂತೆ. ದೇವರಿಗೆ? ಎಂದೆ. ಅಪ್ಪ ನಕ್ಕು, ನಿಮ್ಮ ದೊಡ್ಡಪ್ಪಂಗೆ ಗೊತ್ತಿರಬೋದು ಎಂದು ಮೆಲ್ಲಗೆ ಹೇಳಿ ಹಿಂದೆ ತಿರುಗಿ ನೋಡಿದ.

ಅವತ್ತು ದೀಪ ಹಚ್ಚಿದ ಮೇಲೆ ದೊಡ್ಡಪ್ಪ ನಡುಮನೆಗೆ ಬಂದು ಎಲ್ಲರನ್ನೂ ಕರೆದ. ದೀಪ ಹಚ್ಚಿದ ಹೊತ್ತಿನಲ್ಲಿ ಉಪ್ಪು, ಮೊಸರು, ಬೆಂಕಿಯನ್ನು ಯಾರಿಗೂ ಕೊಡಬಾರದು, ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಪದ್ಧತಿ. ದೊಡ್ಡಪ್ಪ ಅದನ್ನೇ ಹಿಡಿದು ಎಳೆದ.

"ಎಣಿಕೆ ಆಗಿ ಫಲಿತಾಂಶ ಬರೋಗಂಟ ಈ ಮನೆಯಿಂದ ಒಂದು ಕಡ್ಡಿ ಆಚೆಗೆ ಹೋಗಂಗಿಲ್ಲ. ಉಪ್ಪಿಲ್ಲ, ಮೊಸರಿಲ್ಲ, ಕಸ ಸೈತ ಇಲ್ಲ. ಹೆಂಗಸ್ರು ಮಕ್ಳು ಹೊಸ್ತಿಲು ದಾಟಂಗಿಲ್ಲ. ಬಂದಿರೋ ಗೆಲುವು ಪೆಟ್ಟಿಗೇಲಿ ಅದೆ. ಕಳ್ಕಳೋದ್ ಬ್ಯಾಡ."

"ಸಗಣಿ ಏನ್ ಮಾಡೋದ್ಲಾ?" ಎಂದಳು ಅಜ್ಜಿ.

ದೊಡ್ಡಪ್ಪ ಯೋಚಿಸಿ, ಸಗಣಿಯನ್ನು ಹಿತ್ತಲ ಬಾಗಿಲಿಂದ ತಿಪ್ಪೆಗೆ ಹಾಕಬಹುದು, ಅದು ಲೆಕ್ಕಕ್ಕಿಲ್ಲ ಎಂದ. ಮಾರನೆಯ ದಿನದಿಂದ ಅವನೂ ಹಿತ್ತಲ ಬಾಗಿಲಿಂದಲೇ ಹೋಗಿಬರುತ್ತಿದ್ದ, ಆದ್ದರಿಂದ ಅವನೂ ಲೆಕ್ಕಕ್ಕಿರಲಿಲ್ಲ.

ನಾವು ಮಾತ್ರ ಲೆಕ್ಕಕ್ಕೆ ಸಿಕ್ಕಿಕೊಂಡೆವು. ಗುಡಿಸಿದ ಕಸವನ್ನು ದೊಡ್ಡಮ್ಮ ಬಾಗಿಲ ಹಿಂದೆ ಗುಡ್ಡೆ ಹಾಕುತ್ತಾ ಹೋದಳು. ಅದರಲ್ಲಿ ಈರುಳ್ಳಿ ಸಿಪ್ಪೆ, ತಲೆಗೂದಲು, ಅಟ್ಟದಿಂದ ಉದುರಿದ ಕಾಯಿನಾರು ಎಲ್ಲ ಸೇರಿ ಇರುವೆ ಕಟ್ಟಿತು. ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದರೆ ಅಜ್ಜಿ ನಾಚಿಕೆಯಿಂದ ಇಲ್ಲವೆನ್ನುತ್ತಿದ್ದಳು, ಅತ್ತ ಅಡುಗೆಮನೆಯಲ್ಲಿ ಮಜ್ಜಿಗೆ ಹುಳಿ ಬಂದು ಮೂಗಿಗೆ ಹೊಡೆಯುತ್ತಿತ್ತು. ಹುಳಿ ಮಜ್ಜಿಗೆಯಲ್ಲಿ ಏನೇನು ಮಾಡಬಹುದೋ ಎಲ್ಲವನ್ನೂ ಅಮ್ಮ ಮಾಡಿದಳು, ನಾವು ತಿಂದೆವು. ಅಣ್ಣಂದಿರು ನಡುಮನೆಯ ಕಂಬಕ್ಕೆ ಚೆಂಡು ಹೊಡೆದು ಹೊಡೆದು ಕೊನೆಗೆ ಒಬ್ಬರನ್ನೊಬ್ಬರು ಹೊಡೆದರು. ನನಗೆ ಶಾಲೆಯಿಲ್ಲ, ಬೀದಿಯಿಲ್ಲ. ದೊಡ್ಡವರು ಜೋರಾಗಿ ಉಸಿರು ಬಿಡುವುದಕ್ಕೂ ಹೆದರಿ ಕೂತ ಹಾಗಿತ್ತು. ಈ ಬಾಗಿಲು ಇನ್ನು ತೆರೆಯುವುದೇ ಇಲ್ಲವೇನೋ ಎಂದು ನನಗೆ ನಿಜವಾಗಿ ಅನ್ನಿಸಿಬಿಟ್ಟಿತ್ತು. ಅದನ್ನು ಅಮ್ಮನಿಗೆ ಹೇಳಿದರೆ, ನಂಗೆ ಮದ್ವೆಯಾಗಿ ಬಂದ ವಾರವೇ ಹಂಗನ್ನಿಸಿತ್ತು ಎಂದು ಹೇಳಿ ಹುಣಸೆಹಣ್ಣು ಕಿವುಚಿದಳು.

ನಡುಮನೆಗೆ ಬೀದಿಯ ಕಡೆ ಒಂದು ಸರಳಿನ ಕಿಟಕಿ ಇತ್ತು. ಅಮ್ಮ ಹೊಲಿಗೆ ಯಂತ್ರವನ್ನು ಅದರ ಹತ್ತಿರಕ್ಕೆ ಎಳೆದುಕೊಂಡಿದ್ದಳು, ಬೆಳಕು ಸಾಲದೆಂದು ನೆಪ ಹೇಳಿ. ಎದುರು ಮನೆಯ ಜಗಲಿಗೆ ಸಂಜೆ ಚಿಕ್ಕಮ್ಮ ಬರುತ್ತಿದ್ದಳು. ಸೊಂಟದ ಮೇಲೆ ಕೈಯಿಟ್ಟು ಕಂಬಕ್ಕೆ ಒರಗಿ ನಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ಅವಳ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದವರು, ಬೇರೆ ಹೆಂಗಸರಿಲ್ಲ. ಒಂದು ಸಂಜೆ ಅಮ್ಮ ಹೊಲಿಗೆ ನಿಲ್ಲಿಸಿದಳು.

"ಕಾಲು ಊದವೆ ನೋಡೇ," ಎಂದಳು ನನಗೆ. "ಅಷ್ಟು ದೂರದಿಂದ್ಲೇ ಕಾಣ್ತವೆ."

ಆ ದಿನ ಅವಳು ಬಾಗಿಲ ಸಂದಿಗೆ ಹೋಗಿ ನಿಂತು ಅಜ್ಜಿಯ ಮೂಲಕ ಕೇಳಿಸಿದಳು. ಭಾಗ್ಯಳಿಗೆ ದಿನ ತುಂಬಿದೆ, ಹೋಗಿ ನೋಡಿಕೊಂಡು ಬರಲೇ? ದೊಡ್ಡಪ್ಪ ಊಟ ಮಾಡುತ್ತಿದ್ದ. ಮುದ್ದೆ ಮುರಿಯುತ್ತಾ ಅಜ್ಜಿಗೇ ಉತ್ತರ ಕೊಟ್ಟ, ಅಮ್ಮನಿಗೆ ಕೇಳುವ ಹಾಗೆ.

"ಫಲಿತಾಂಶ ಬರ್ಲಿ ಕಣವ್ವ. ನಾವು ಗೆದ್ರೆ ತಲೆ ತಗ್ಗಿಸ್ಕಂಡು ಅವ್ರೇ ಬತ್ತಾರೆ, ಆಗ ನೋಡಾನ. ಸೋತ್ರೆ, ಇವ್ಳಿಗೆ ತಂಗಿ ಇದ್ಲು ಅನ್ನೋದ್ನ ಮರ್ತುಬುಡು ಅಂತ ಹೇಳು."

ಸೋಲುವ ಮಾತನ್ನು ಅವನು ಬಾಯಿಗೆ ಬಂದಿದ್ದಕ್ಕೆ ಹೇಳಿದ್ದಷ್ಟೇ. ಊರಿನ ಮನೆಮನೆಯ ಓಟೂ ಅವನ ನಾಲಿಗೆಯ ತುದಿಯಲ್ಲಿತ್ತು. ನಮ್ಮ ಕಡೆಯ ಮನೆಗಳವರನ್ನೆಲ್ಲ ಗುಡಿಗೆ ಕರೆದುಕೊಂಡು ಹೋಗಿ ದೇವರ ಮುಂದೆ ಕಾಯಿ ಮುಟ್ಟಿಸಿ ಆಣೆ ಮಾಡಿಸಿದ್ದ. ಆಣೆ ಮಾಡದೆ ಉಳಿದಿದ್ದು ನಮ್ಮ ಮನೆ ಒಂದೇ. ಮನೆಯವರಿಂದ ಯಾರಾದರೂ ಆಣೆ ಮಾಡಿಸುತ್ತಾರೆಯೇ?

ಎಣಿಕೆಯ ದಿನ ಗಂಡಸರೆಲ್ಲ ಬೆಳಗ್ಗೆಯೇ ಹೋದರು. ಊರಿನ ಬೈಕು, ಜೀಪು ಒಂದೂ ಉಳಿಯಲಿಲ್ಲ. ಅಪ್ಪ ಎಣಿಕೆಯ ಕೋಣೆಯೊಳಗೆ ಕೂರುವ ಏಜೆಂಟು. ಒಳಗೆ ಫೋನು ಬಿಡುವುದಿಲ್ಲವಾದ್ದರಿಂದ ತನ್ನ ಬಟನ್ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಟ್ಟದ ಒಂದು ಮೂಲೆಯಲ್ಲಿ ಮಾತ್ರ. ಅಮ್ಮನೂ ನಾನೂ ಏಣಿ ಹತ್ತಿ ಹೋಗಿ ಕಾಯಿಗಳ ನಡುವೆ ಜಾಗ ಮಾಡಿಕೊಂಡು ಕೂತೆವು. ಹೆಂಚಿನ ಕೆಳಗೆ ಬೇಯುವಂಥ ಸೆಕೆ. ದೊಡ್ಡಪ್ಪ ಕಾಲೇಜಿನ ಗೇಟಿನಿಂದ ಫೋನು ಮಾಡುತ್ತಿದ್ದ, ಅಮ್ಮ ಅವನೊಡನೆ ಮಾತಾಡುವಂತಿಲ್ಲವಾದ್ದರಿಂದ ನಾನು ಎತ್ತುತ್ತಿದ್ದೆ. ನಮ್ಮ ಪಂಚಾಯ್ತಿಯ ಸರದಿ ಇನ್ನೂ ಬಂದಿಲ್ಲ ಎಂದ. ಬಹಳ ಹೊತ್ತಾದ ಮೇಲೆ, ಪೆಟ್ಟಿಗೆ ತೆಗೆದರು, ಚೀಟಿಗಳ ಮಡಿಕೆ ಬಿಡಿಸಿ ಕಟ್ಟು ಕಟ್ಟುತ್ತಿದ್ದಾರೆ ಎಂದ. ಕಟ್ಟು ಕಟ್ಟುವುದಕ್ಕೆ ಅಷ್ಟು ಹೊತ್ತೇ ಎಂದು ಅಮ್ಮ ತನ್ನಷ್ಟಕ್ಕೆ ಅಂದುಕೊಂಡಳು. ಅವಳ ಮುಖದಲ್ಲಿ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

ಆಮೇಲಿನ ಫೋನಿನಲ್ಲಿ ದೊಡ್ಡಪ್ಪನ ದನಿಯೇ ಬೇರೆಯಾಗಿತ್ತು.

"ನಾವೇ ಮುಂದೆ ಅಂತ ಹೇಳು ನಿಮ್ಮಜ್ಜಿಗೆ. ಭಾರಿ ಮುಂದೆ."

ನಾನು ಅಟ್ಟದ ಮೇಲಿಂದಲೇ ಹೇಳಿದೆ. ಎಣಿಸಿದ್ದು ಮೊದಲ ಕಟ್ಟುಗಳು ಮಾತ್ರ, ಅವು ನಮ್ಮ ಬೀದಿಯವರದೇ ಇದ್ದರೂ ಇರಬಹುದು, ಉಳಿದವು ಇನ್ನೂ ಮೇಜಿನ ಮೇಲಿವೆ ಎಂದು ಕೆಳಗಿದ್ದ ಯಾರಿಗೂ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಮುಂದೆ ಅಂದರೆ ಗೆದ್ದ ಹಾಗೆಯೇ. ಗೆದ್ದರೆ ಈಡುಗಾಯಿ ಹೊಡೆಯುತ್ತೇನೆಂದು ಹರಸಿಕೊಂಡಿದ್ದಳು. ತೋಟಕ್ಕೆ ಹೋಗಿ ಹೊಸಕಾಯಿ ತರೋಣವೆಂದರೆ ಹೊಸ್ತಿಲು ದಾಟುವಂತಿಲ್ಲ. ಅಣ್ಣಂದಿರನ್ನು ಅಟ್ಟಕ್ಕೆ ಹತ್ತಿಸಿದಳು. ಒಣಗಲು ಹಾಕಿದ್ದ ಕಾಯಿಗಳನ್ನು ಅವರು ದಬದಬನೆ ಕೆಳಕ್ಕೆ ಉರುಳಿಸಿದರು, ಸುಲಿದು ನಡುಮನೆಯ ನೆಲದ ಕಲ್ಲಿಗೆ ಒಂದರ ಮೇಲೊಂದು ಹೊಡೆದರು. ಅಜ್ಜಿ ಓಡಿ ಬರುವಷ್ಟರಲ್ಲಿ ನಡುಮನೆಯ ತುಂಬ ಚೂರು. ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಉಗಿದಳು.

"ಇತ್ಲಾಗೆ ಕಾಯೂ ಅಲ್ಲ, ಅತ್ಲಾಗೆ ಕೊಬ್ರಿನೂ ಅಲ್ಲ. ಇನ್ನೆರಡು ತಿಂಗ್ಳು ಬುಟ್ಟಿದ್ರೆ ಏನಾಗ್ತಿತ್ತೇ ನಿಂಗೆ?"

ದೊಡ್ಡಮ್ಮ ಅಳುವ ಹಾಗಾಗಿ ನಿಂತಳು. ಪಾಪ, ಅವಳು ಆ ಮನೆಯಲ್ಲಿ ಸಂತೋಷಪಟ್ಟಿದ್ದೇ ಅಪರೂಪ, ಪಟ್ಟಾಗಲೆಲ್ಲ ಹೀಗಾಗುತ್ತಿತ್ತು. ಮೇಲೆ ಅಮ್ಮ ಮಾತ್ರ ಕದಲಿರಲಿಲ್ಲ. ಗೆದ್ದೆವಲ್ಲಮ್ಮ ಎಂದು ಅವಳ ಭುಜ ಅಲುಗಿಸಿದರೆ, ಇನ್ನೂ ಎಣಿಸ್ತಾವ್ರೆ, ಸುಮ್ನಿರು ಎಂದಳು.

ಮತ್ತೆ ಫೋನು ಬಂದಾಗ ದೊಡ್ಡಪ್ಪ ಕಿರುಚುತ್ತಿದ್ದ, ಹಿಂದೆ ಜನರ ಗಲಾಟೆ. ಇಬ್ಬರಿಗೂ ಓಟು ಸಮ ಬಂದಿದೆ. ಮತ್ತೆ ಎಣಿಸಿದರೂ ಸಮ. ಇನ್ನು ಚೀಟಿ ಎತ್ತಿ ತೀರ್ಮಾನ. ಎರಡೂ ಕಡೆಯ ಗಂಡಸರು ಕೈಕೈ ಮಿಲಾಯಿಸಿದ್ದರಿಂದ ಅಧಿಕಾರಿ ಸಿಟ್ಟಾಗಿ, ಏಜೆಂಟರ ಸಹವಾಸವೇ ಬೇಡ, ಅಭ್ಯರ್ಥಿಗಳು ಇಬ್ಬರೂ ಖುದ್ದಾಗಿ ಬರಲಿ, ಅವರ ಕಣ್ಣೆದುರಿಗೇ ಎತ್ತುತ್ತೇನೆ ಎಂದು ಕೂತಿದ್ದಾನೆ.

"ನಿಮ್ಮಮ್ಮನ್ನ ಈಗಿಂದೀಗ್ಲೇ ಕಳಿಸು. ಎಂಗಾದ್ರೂ ಕಳಿಸು."

ಹೊಸ್ತಿಲು ದಾಟಬಾರದೆಂದು ಕಟ್ಟು ಹಾಕಿದವನೇ ಆ ಕಟ್ಟು ಬಿಚ್ಚಬೇಕಾಗಿ ಬಂದಿತ್ತು. ಅಮ್ಮ ಏಣಿಯಿಳಿದು ಮುಖ ತೊಳೆದು, ತಲೆಯಲ್ಲಿದ್ದ ಕಾಯಿನಾರು ತೆಗೆದು, ನನ್ನ ಕೈ ಹಿಡಿದುಕೊಂಡು ಮುಂಬಾಗಿಲಿಗೇ ಬಂದಳು. ಊರಿನಲ್ಲಿ ಉಳಿದಿದ್ದ ಗಾಡಿ ಡೈರಿಗೆ ಹಾಲಿನ ಕ್ಯಾನು ಸಾಗಿಸುವ ಸಿದ್ದಣ್ಣನ ಟೆಂಪೋ ಒಂದೇ. ಅದು ಬೀದಿಯ ನಡುವೆ ನಿಂತಿತ್ತು. ಅದರ ಮುಂದಿನ ಸೀಟಿನಲ್ಲಿ ಆಗಲೇ ಚಿಕ್ಕಮ್ಮ ಕೂತಿದ್ದಳು, ಅವರ ಮನೆಗೂ ಫೋನು ಬಂದಿತ್ತು. ಸಿದ್ದಣ್ಣ ತಲೆ ಕೆರೆದುಕೊಂಡ.

"ಇರೋದು ಒಂದೇ ಗಾಡಿ ಕಣಮ್ಮ. ಇಬ್ರೂ ಇದ್ರಲ್ಲೇ ಬರ್ಬೇಕು. ಆಮ್ಯಾಲೆ ನನ್ನ ಯಾರೂ ಬೈಬ್ಯಾಡಿ."

ಅಮ್ಮ ಹತ್ತಿ ಕೂತಳು, ನಾನು ಅವಳ ತೊಡೆಯ ಮೇಲೆ. ಟಾರು ರಸ್ತೆ ಸಿಕ್ಕ ಮೇಲೆ ಚಿಕ್ಕಮ್ಮ ಅಳಲು ಶುರು ಮಾಡಿದಳು.

"ಅಕ್ಕ, ನಾನು ನಂಗೇ ಹಾಕ್ಕಂಡೆ ಕಣಕ್ಕ."

"ಹಾಕ್ಕಬೇಕಲ್ವೇನೇ ಮತ್ತೆ," ಎಂದಳು ಅಮ್ಮ. "ಅಳ್ಬೇಡ. ಕಾಲು ತೋರ್ಸು."

ಅಷ್ಟು ಇಕ್ಕಟ್ಟಿನಲ್ಲೂ ಬಗ್ಗಿ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒತ್ತಿದ ಕಡೆ ಗುಳಿ ಬಿದ್ದದ್ದು ಹಾಗೇ ಉಳಿಯಿತು. ಊಟ ಏನು ಮಾಡಿದೆ, ರಾತ್ರಿ ನಿದ್ದೆ ಬರುತ್ತದೆಯೇ, ಮಗು ಒದೆಯುತ್ತದೆಯೇ ಎಂದು ಚಿಕ್ಕನಾಯಕನಹಳ್ಳಿ ಬರುವವರೆಗೂ ಒಂದೊಂದೇ ಕೇಳಿದಳು. ಚುನಾವಣೆಯ ಮಾತು ಮತ್ತೆ ಬರಲಿಲ್ಲ. ಅಷ್ಟು ದಿನಗಳಲ್ಲಿ ನಾನು ಎದೆ ತುಂಬ ಉಸಿರಾಡಿದ್ದು ಆ ಹಾಲಿನ ವಾಸನೆಯ ಟೆಂಪೋದಲ್ಲೇ.

ಕಾಲೇಜಿನ ಗೇಟಿನಲ್ಲಿ ಅಡ್ಡ ಕಟ್ಟಿದ ಬೊಂಬುಗಳ ಆಚೆಗೆ ಅವರಿಬ್ಬರನ್ನೇ ಬಿಟ್ಟರು. ಚಿಕ್ಕಮ್ಮ ಅಮ್ಮನ ತೋಳು ಹಿಡಿದು ಮೆಟ್ಟಿಲು ಹತ್ತಿದ್ದನ್ನು ಎರಡೂ ಕಡೆಯ ಗಂಡಸರು ಜಗಳ ಬಿಟ್ಟು ನೋಡಿದರು. ನಾನು ಟೆಂಪೋ ಹತ್ತಿರ ನಿಂತೆ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ನಮ್ಮೂರಿನ ಹೆಸರು, ಓಟು ಸಮವಾದ ವಿಷಯ, ಚೀಟಿ ಎತ್ತಿದ ವಿಷಯ, ಕೊನೆಗೆ ಅಮ್ಮನ ಹೆಸರು ಬಂತು. ನಮ್ಮ ಕಡೆಯವರು ಕೇಕೆ ಹಾಕಿದರು. ಅಮ್ಮ ಹೊರಗೆ ಬಂದಾಗ ದೊಡ್ಡಪ್ಪ ಹಾರವನ್ನು ಅಪ್ಪನ ಕೈಗೆ ಕೊಟ್ಟು ಹಾಕಿಸಿದ. ಆದರೆ ಅವನ ಮುಖದಲ್ಲಿ ಗೆಲುವಿರಲಿಲ್ಲ. ಹಾರ ಹಾಕಿದ ತಕ್ಷಣ ಅಪ್ಪನ ಕಡೆಗೆ ತಿರುಗಿದ.

"ಊರೋರೆಲ್ಲ ಆಣೆ ಮಾಡಿ ಹಾಕವ್ರೆ. ಚೀಟಿ ಎತ್ತೋ ಗತಿ ಯಾಕ್ ಬಂತ್ಲಾ? ನಮ್ಮನೇದೇ ಒಂದು ಆ ಕಡೆ ಹೋಗ್ಯದೆ. ನೀನೇ ತಾನೆ? ಎಂಡ್ತಿ ತಂಗಿ ಅಂತ ಕರುಳು ಚುರುಕ್ ಅಂತೇನ್ಲಾ?"

ಅಷ್ಟು ಜನರ ಮುಂದೆ ಅಪ್ಪ ತಲೆ ತಗ್ಗಿಸಿದ. ನನಗೆ ಅಪ್ಪನನ್ನು ನೋಡಿ ಅಳು ಬಂತು, ಸಿಟ್ಟೂ ಬಂತು.

"ಆ ಓಟು ನಂದು, ಭಾವ," ಎಂದಳು ಅಮ್ಮ.

ಅಮ್ಮ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು. ದೊಡ್ಡಪ್ಪ ಅವಳನ್ನು ನೋಡದೆ ಅವಳ ಪಕ್ಕದ ಗೋಡೆಯನ್ನು ನೋಡಿದ.

"ಫಲಿತಾಂಶ ಬರೋಗಂಟ ಅಂದ್ರಿ, ಇದ್ದೆ. ಬಂತು. ಭಾಗ್ಯನ್ನ ಮನೆಗೆ ಕರ್ಕಂಡ್ ಬತ್ತೀನಿ. ಗೆದ್ರೆ ನೋಡಾನ ಅಂತ ನೀವೇ ಅಂದಿದ್ರಿ."

"ಅವ್ಳು ನನ್ನ ಹೊಸ್ತಿಲು ತುಳಿಯಂಗಿಲ್ಲ. ನಿನ್ನ ಬುದ್ಧಿ ಗೊತ್ತಾದ್ಮ್ಯಾಲೆ ಇನ್ನೂ ಇಲ್ಲ."

"ಹಂಗಾದ್ರೆ ನಾನೇ ಅವ್ಳ ಮನೇಲಿ ಇದ್ದು ಬಾಣಂತನ ಮಾಡ್ತೀನಿ."

"ಹೋಗು. ಹೋದ್ರೆ ತಿರುಗಿ ಬರೋದ್ ಬ್ಯಾಡ. ಮಗಾ ನಮ್ದು, ಅದು ನಮ್ಮನೇಲೇ ಇರ್ತದೆ," ಎಂದು ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡ.

ಗೋಡೆಯ ಪಕ್ಕ ನಿಂತಿದ್ದ ಚಿಕ್ಕಮ್ಮನ ಗಂಡ, ಸೋತ ಮುಖದಲ್ಲೇ, ಬನ್ನಿ ಅಕ್ಕ ಎಂದು ಸಣ್ಣಗೆ ಹೇಳಿದ. ಅಮ್ಮ ಚಿಕ್ಕಮ್ಮನನ್ನು ಟೆಂಪೋಗೆ ಹತ್ತಿಸಿ ತಾನೂ ಹತ್ತಿದಳು. ಬಾಗಿಲು ಹಾಕಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಕರೆಯಲಿಲ್ಲ. ಕರೆದರೆ ನನ್ನನ್ನು ಎರಡು ಕಡೆಯಿಂದ ಎಳೆದಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ದೊಡ್ಡಪ್ಪನ ಹಿಡಿತ ನೋಯುತ್ತಿತ್ತು. ಮೈಕು ಬೇರೆ ಯಾವುದೋ ಊರಿನ ಹೆಸರು ಕೂಗುತ್ತಿತ್ತು.

ಆಗ ಅಪ್ಪ ಬಂದ. ಅಣ್ಣನ ಬೆರಳುಗಳನ್ನು ಒಂದೊಂದಾಗಿ ನನ್ನ ತೋಳಿನಿಂದ ಬಿಡಿಸಿದ. ನನ್ನನ್ನು ಎತ್ತಿ ಅಮ್ಮನ ತೊಡೆಯ ಮೇಲೆ ಕೂರಿಸಿ, ಲಂಗ ಸಿಕ್ಕಿಕೊಳ್ಳದ ಹಾಗೆ ಒಳಗೆ ಸರಿಸಿ, ಬಾಗಿಲು ಹಾಕಿದ. ಅವನೂ ಹಿಂದೆ ಕ್ಯಾನುಗಳ ಪಕ್ಕ ಹತ್ತುತ್ತಾನೆಂದು ನಾನು ತಿರುಗಿ ನೋಡಿದೆ. ಟೆಂಪೋ ಹೊರಟಾಗ ಅಪ್ಪ ಹಿಂದಕ್ಕೆ ಹೋಗಿ ದೊಡ್ಡಪ್ಪನ ಪಕ್ಕದಲ್ಲಿ ನಿಂತುಕೊಂಡ.